ಒಂದು ವೋಟು, ಒಂದು ತಿಂಗಳು, ಹದಿನೈದು ವರ್ಷ

2025ರ ಜನವರಿಯಲ್ಲಿ ಅಮೆರಿಕದ ಬೇಸ್‌ಬಾಲ್ ಪತ್ರಕರ್ತರು ಹಾಕಿದ 394 ವೋಟುಗಳಲ್ಲಿ 393 ಇಚಿರೊ ಸುಜುಕಿ ಅವರಿಗೆ ಬಿದ್ದವು. ಜಪಾನ್‌ನಲ್ಲಿ ಹುಟ್ಟಿ ಬೆಳೆದು, 27ನೇ ವಯಸ್ಸಿನಲ್ಲಿ ಅಮೆರಿಕದ ಲೀಗಿಗೆ ಬಂದು, ಅಲ್ಲಿ 3089 ಹಿಟ್ ಬಾರಿಸಿದ ಆಟಗಾರ. ಆ ದೇಶದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಜಪಾನಿ ಆಟಗಾರ. ಆದರೆ ಮರುದಿನ ನಮ್ಮ ಆಫೀಸಿನ ಚಾಟ್ ಗ್ರೂಪಲ್ಲಿ ಓಡಿದ್ದು ಆ 393ರ ಸುದ್ದಿ ಅಲ್ಲ. ಆ ಒಂದು ವೋಟು ಹಾಕದೇ ಇದ್ದ ಪುಣ್ಯಾತ್ಮ ಯಾರು ಅನ್ನೋದು!

ಇಚಿರೊ ಮಾತ್ರ ನಗ್ತಾ, ಅವರನ್ನು ಮನೆಗೆ ಕರೆದು ಜೊತೆಗೆ ಕೂತು ಒಂದು ಡ್ರಿಂಕ್ ತಗೊಳ್ಳೋ ಆಸೆ ಇದೆ ಅಂದುಬಿಟ್ಟರು.

ನಾನು ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ಈ ಆಟದ ತಲೆಬುಡ ಅರ್ಥ ಆಗ್ತಿರಲಿಲ್ಲ. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಇದೇನು ಬರೀ ಫುಲ್‌ಟಾಸು ಅನ್ನಿಸ್ತಿತ್ತು. ಆಟ ನಿಧಾನಕ್ಕೆ ಹಿಡಿಸಿತು. ಆದರೆ ಅದಕ್ಕಿಂತ ಮೊದಲು ಹಿಡಿಸಿದ್ದು, ಇವರು ತಮ್ಮ ಆಟಗಾರರನ್ನು ಗೌರವಿಸುವ ರೀತಿ. ಗೌರವ ಅನ್ನೋದಕ್ಕಿಂತ ಜಗಳ ಅಂದರೆ ಸರಿ ಹೋದೀತು. ನಮ್ಮಲ್ಲಿ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಬಂದಾಗ ನಡೆಯುವ ಚರ್ಚೆ ಇದೆಯಲ್ಲ, ಅದು ಇಲ್ಲಿ ವರ್ಷಪೂರ್ತಿ ನಡೆಯುತ್ತದೆ.

ಇದರಲ್ಲಿ ಸರ್ಕಾರದ ಕೈ ಇಲ್ಲ. ಆಟಗಾರ ಕನಿಷ್ಠ 10 ಸೀಸನ್ ಆಡಿರಬೇಕು, ನಿವೃತ್ತಿಯಾಗಿ 5 ವರ್ಷ ಕಳೆದಿರಬೇಕು. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಸತತ 10 ವರ್ಷ ಸದಸ್ಯರಾಗಿದ್ದವರಿಗೆ ಮಾತ್ರ ವೋಟಿನ ಹಕ್ಕು. ಒಬ್ಬೊಬ್ಬರು ಹೆಚ್ಚೆಂದರೆ 10 ಹೆಸರಿಗೆ ಗುರುತು ಹಾಕಬಹುದು. ನೂರಕ್ಕೆ 75 ಬಂದರೆ ಒಳಗೆ. ನೂರಕ್ಕೆ 5 ಕೂಡ ಬರದಿದ್ದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರೇ ಇರಲ್ಲ. ನಡುವೆ ಸಿಕ್ಕಿಕೊಂಡವರು 10 ವರ್ಷದವರೆಗೆ ಕಾಯಬಹುದು. ಮೊದಲು ಇದು 15 ವರ್ಷ ಇತ್ತು. ಬಿಲ್ಲಿ ವ್ಯಾಗ್ನರ್ ಅನ್ನೋ ಬೌಲರ್, ಅಂದರೆ ಇವರ ಭಾಷೆಯಲ್ಲಿ ಪಿಚರ್, 2024ರಲ್ಲಿ 5 ವೋಟಿನಿಂದ ತಪ್ಪಿಸಿಕೊಂಡು, ಹತ್ತನೇ ಹಾಗೂ ಕೊನೆಯ ವರ್ಷದಲ್ಲಿ ಆಯ್ಕೆಯಾದರು. ಪತ್ರಕರ್ತರ ಕೈಯಲ್ಲಿ ದಾಟದವರಿಗೆ ಇನ್ನೊಂದು ಬಾಗಿಲಿದೆ, 16 ಜನರ ಸಮಿತಿ. ಅಲ್ಲಿ 12 ವೋಟು ಬೇಕು. ಆ ಸಮಿತಿಯ ವಿಷಯಕ್ಕೆ ಆಮೇಲೆ ಬರ್ತೀನಿ, ನನ್ನ ತಕರಾರು ಇರೋದೇ ಅಲ್ಲಿ.

ಇಷ್ಟು ಜರಡಿ ಹಿಡಿದ ಮೇಲೆ ಉಳಿಯೋರು ಎಷ್ಟು ಜನ ಗೊತ್ತಾ? ಅಲ್ಲಿನ ಮೇಜರ್ ಲೀಗ್‌ನಲ್ಲಿ ಇದುವರೆಗೆ ಆಡಿದ 20,000ಕ್ಕೂ ಹೆಚ್ಚು ಆಟಗಾರರಲ್ಲಿ ನೂರಕ್ಕೆ ಒಬ್ಬರ ಆಸುಪಾಸು. 1936ರ ಮೊದಲ ಚುನಾವಣೆಯಲ್ಲಿ ಬೇಬ್ ರೂತ್ ಅಂಥ ಬೇಬ್ ರೂತ್‌ಗೇ 226ರಲ್ಲಿ 215 ವೋಟು. ಪೂರ್ತಿ ನೂರಕ್ಕೆ ನೂರು ಬಂದದ್ದು 2019ರಲ್ಲಿ, ಮರಿಯಾನೊ ರಿವೇರಾಗೆ. ಮರುವರ್ಷ ಡೆರೆಕ್ ಜೀಟರ್‌ಗೂ ಇಚಿರೊ ಥರಾನೇ ಒಂದೇ ಒಂದು ಕಮ್ಮಿ.

ಹಾಲ್ ಇರೋದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ. ನ್ಯೂಯಾರ್ಕ್ ನಗರದಿಂದ ಸುಮಾರು ನಾಲ್ಕು ಗಂಟೆ ಡ್ರೈವ್. ಕೆರೆ ಪಕ್ಕದ ಹಳ್ಳಿ, ಜನಸಂಖ್ಯೆ 2000 ಕೂಡ ಇಲ್ಲ. ಇಲ್ಲಿ ಯಾಕೆ ಅಂತ ಕೇಳಿದರೆ ಒಂದು ಒಳ್ಳೆ ಸ್ಥಳಪುರಾಣವೇ ಇದೆ. 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಇದೇ ಊರಲ್ಲಿ ಬೇಸ್‌ಬಾಲ್ ಕಂಡುಹಿಡಿದ ಅಂತ 1907ರಲ್ಲಿ ಒಂದು ಸಮಿತಿ ತೀರ್ಮಾನ ಕೊಟ್ಟಿತ್ತು. ಆ ಹೊತ್ತಿಗೆ ಡಬಲ್‌ಡೇ ವೆಸ್ಟ್‌ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ಓದುತ್ತಿದ್ದ. ಊರಲ್ಲಿ ಇರಲೇ ಇಲ್ಲ! ಆದರೂ ಕಥೆ ಅಂಟಿಕೊಂಡಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಊರು ಸೊರಗಿದಾಗ ಸ್ಟೀಫನ್ ಕ್ಲಾರ್ಕ್ ಎಂಬ ಶ್ರೀಮಂತರು ಹತ್ತಿರದ ಹಳ್ಳಿಯ ಅಟ್ಟದಲ್ಲಿ ಸಿಕ್ಕ ಒಂದು ಹಳೇ ಚೆಂಡನ್ನು 5 ಡಾಲರ್ ಕೊಟ್ಟು ಕೊಂಡು ಪ್ರದರ್ಶನಕ್ಕಿಟ್ಟರು. ಅದೇ ಬೆಳೆದು 1939ರ ಜೂನ್ 12ರಂದು ಮ್ಯೂಸಿಯಂ ಆಯಿತು. ಅವರ ಕುಟುಂಬದ ದುಡ್ಡು ಬಂದದ್ದು ಸಿಂಗರ್ ಹೊಲಿಗೆ ಮಷಿನ್‌ನಿಂದ. ಹೌದು, ನಮ್ಮ ಅಜ್ಜಿಯರು ಕಾಲಲ್ಲಿ ತುಳೀತಿದ್ದರಲ್ಲ, ಅದೇ ಸಿಂಗರ್.

2025ರ ಅಕ್ಟೋಬರ್‌ನಲ್ಲಿ ನನ್ನ ಟೀಮಿನ ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಅಲ್ಲಿಗೆ ಹೋಗಿದ್ದೆ. ಅವರು ಪಿಟ್ಸ್‌ಬರ್ಗ್‌ನವರು, ಅಪ್ಪನ ಕಾಲದಿಂದಲೂ ಪಿಟ್ಸ್‌ಬರ್ಗ್ ಪೈರೇಟ್ಸ್ ಅಭಿಮಾನಿಗಳು. ಜುಲೈನಲ್ಲಿ ಗೌರವ ಸಮಾರಂಭ ನಡೆಯುವ ಭಾನುವಾರ ಊರು ಥೇಟ್ ಜಾತ್ರೆ ಅಂತೆ. 2007ರಲ್ಲಿ 75,000ದಷ್ಟು ಜನ ಸೇರಿದ್ದರು ಎಂಬ ಅಂದಾಜಿದೆ. ನಾವು ಹೋದಾಗ ಬೀದಿ ಖಾಲಿ, ಬ್ಯಾಟು ಮಾರುವ ಅಂಗಡಿಗಳು ಮಾತ್ರ ತೆರೆದಿದ್ದವು.

ಒಳಗೆ ಕಂಚಿನ ಫಲಕಗಳ ಉದ್ದನೆಯ ಹಜಾರ. ಪ್ರತಿ ಫಲಕದಲ್ಲೂ ಒಂದು ಮುಖ, ಹಲವರ ತಲೆ ಮೇಲೆ ತಂಡದ ಟೋಪಿ, ಕೆಳಗೆ ಕೆಲವೇ ಸಾಲು. ಎಲ್ಲಕ್ಕೂ ಒಂದೇ ಅಳತೆ. ಬೇಬ್ ರೂತ್‌ಗೆ ದೊಡ್ಡದು, ಮತ್ತೊಬ್ಬರಿಗೆ ಚಿಕ್ಕದು ಅಂತಿಲ್ಲ. ಎರಡು ಮೂರು ತಂಡಕ್ಕೆ ಆಡಿದವರಿಗೆ ಯಾವ ಟೋಪಿ ಅನ್ನೋದಕ್ಕೂ ವರ್ಷಗಟ್ಟಲೆ ವಾದ ನಡೆಯುತ್ತದೆ.

ನಮ್ಮ ಪಿಟ್ಸ್‌ಬರ್ಗ್ ಗೆಳೆಯರು ಮೊದಲು ಹುಡುಕಿದ್ದು ರಾಬರ್ಟೊ ಕ್ಲೆಮೆಂಟೆ ಅವರ ಫಲಕ. ಪೋರ್ಟೊರಿಕೊದವರು, ಸರಿಯಾಗಿ 3000 ಹಿಟ್. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದಾಗ ವಿಮಾನ ಸಮುದ್ರಕ್ಕೆ ಬಿತ್ತು. 5 ವರ್ಷ ಕಾಯುವ ನಿಯಮ ಬದಿಗಿಟ್ಟು 1973ರಲ್ಲೇ ಅವರನ್ನು ಸೇರಿಸಿಕೊಂಡರು. ಅವರ ಮೊದಲ ಫಲಕದಲ್ಲಿ ಹೆಸರು 'ರಾಬರ್ಟೊ ವಾಕರ್ ಕ್ಲೆಮೆಂಟೆ' ಅಂತಿತ್ತು. ಅವರ ಕಡೆ ಅಪ್ಪನ ಮನೆತನದ ಹೆಸರು ಮೊದಲು, ಅಮ್ಮನದು ಕೊನೆಗೆ. ಹಾಗಾಗಿ 'ರಾಬರ್ಟೊ ಕ್ಲೆಮೆಂಟೆ ವಾಕರ್' ಅಂತ ಇರಬೇಕಿತ್ತು. ಅದನ್ನು ಸರಿಪಡಿಸಿ ಹೊಸ ಫಲಕ ಹಾಕಿದ್ದು 2000ದಲ್ಲಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ, ಅಪ್ಪನ ಹೆಸರನ್ನು 'ಲಾಸ್ಟ್ ನೇಮ್' ಮಾಡಿಕೊಂಡ ನಮ್ಮಂಥ ಕನ್ನಡಿಗರಿಗೆ ಆ ಕಷ್ಟ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಇನ್ನೊಂದು ಗೌರವ ಇದೆ, ಅದು ನಮಗೂ ಗೊತ್ತಿರೋದೇ. 2023ರಲ್ಲಿ ಆರ್‌ಸಿಬಿ ಡಿವಿಲಿಯರ್ಸ್ ಅವರ 17, ಕ್ರಿಸ್ ಗೇಲ್ ಅವರ 333 ನಂಬರಿನ ಜೆರ್ಸಿಗಳನ್ನು ಇನ್ನು ಯಾರಿಗೂ ಕೊಡಲ್ಲ ಅಂದಿತಲ್ಲ, ಆ ಪದ್ಧತಿ ಅಮೆರಿಕದ ಆಟಗಳಲ್ಲಿ ಬಹಳ ಹಳೆಯದು. ಬೇಸ್‌ಬಾಲ್‌ನಲ್ಲಿ ಹಾಗೆ ಮೊದಲು ನಿವೃತ್ತಿಯಾದ ನಂಬರ್ ಲೂ ಗೆರಿಗ್ ಅವರ 4. ಆದರೆ ಒಂದು ನಂಬರನ್ನು ಮಾತ್ರ ಲೀಗಿನ ಎಲ್ಲ ತಂಡಗಳೂ ಕೈಬಿಟ್ಟಿವೆ. ಅದು 42, ಜಾಕಿ ರಾಬಿನ್ಸನ್ ಅವರದು. 1947ರ ಏಪ್ರಿಲ್ 15ರಂದು ಆ ಕಾಲದ ಬಿಳಿಯರ ಲೀಗಿನಲ್ಲಿ ಆಡಲಿಳಿದ ಕಪ್ಪು ಆಟಗಾರ. 1997ರಲ್ಲಿ, 50 ವರ್ಷ ತುಂಬಿದಾಗ, 42 ನಿವೃತ್ತಿಯಾಯಿತು. ಆಗಲೇ ತೊಟ್ಟಿದ್ದವರು ಮುಂದುವರಿಸಬಹುದು ಎಂದರು. ಹಾಗೆ ಕೊನೆಯವರೆಗೂ ತೊಟ್ಟವರು ಮರಿಯಾನೊ ರಿವೇರಾ, ಅದೇ ನೂರಕ್ಕೆ ನೂರು ಪಡೆದವರು. ಈಗ ಪ್ರತಿ ವರ್ಷ ಏಪ್ರಿಲ್ 15ರಂದು ಎಲ್ಲ ತಂಡಗಳ ಎಲ್ಲ ಆಟಗಾರರೂ 42 ತೊಟ್ಟು ಆಡುತ್ತಾರೆ. ಟಿವಿಯಲ್ಲಿ ಯಾರು ಯಾರು ಅಂತಲೇ ಗೊತ್ತಾಗಲ್ಲ. ನನಗೆ ಬಹಳ ಇಷ್ಟವಾದ ದಿನ ಅದು.

ಆದರೆ ರಾಬಿನ್ಸನ್‌ರ 1962ರ ಫಲಕದಲ್ಲಿ ಅವರು ಆ ಗೋಡೆ ಒಡೆದ ಮಾತೇ ಇರಲಿಲ್ಲ. ತನ್ನನ್ನು ಆಟದಿಂದ ಮಾತ್ರ ಅಳೆಯಿರಿ ಅನ್ನೋದು ಅವರ ಅಪೇಕ್ಷೆಯಾಗಿತ್ತು. ಆ ವಿಷಯ ಸೇರಿಸಿದ ಹೊಸ ಫಲಕ ಬಂದದ್ದು 2008ರಲ್ಲಿ.

ರಾಬಿನ್ಸನ್ ಬರುವ ಮೊದಲು ಕಪ್ಪು ಆಟಗಾರರಿಗೆ ಅವರದೇ ನೀಗ್ರೊ ಲೀಗ್‌ಗಳಿದ್ದವು. ಅಲ್ಲಿ ಪಿಟ್ಸ್‌ಬರ್ಗ್‌ನ ತಂಡಗಳಿಗೆ ಆಡಿದ ಜಾಶ್ ಗಿಬ್ಸನ್ ರಾಬಿನ್ಸನ್ ಮೈದಾನಕ್ಕಿಳಿಯುವ ಮೂರು ತಿಂಗಳ ಮುಂಚೆ, 35ನೇ ವಯಸ್ಸಿನಲ್ಲಿ ತೀರಿಕೊಂಡರು. 2024ರಲ್ಲಿ ಆ ಲೀಗ್‌ಗಳ ಲೆಕ್ಕವನ್ನೂ ಮೇಜರ್ ಲೀಗ್ ದಾಖಲೆಗೆ ಸೇರಿಸಿಕೊಂಡಾಗ ಗಿಬ್ಸನ್‌ರ ಬ್ಯಾಟಿಂಗ್ ಸರಾಸರಿ .372 ಅಂತ ಬಂತು. ತಲೆಮಾರುಗಳಿಂದ ಮೇಲಿದ್ದ ಟೈ ಕಾಬ್‌ರ .367 ಕೆಳಗೆ ಸರಿಯಿತು. ಸತ್ತು 77 ವರ್ಷಕ್ಕೆ ದಾಖಲೆ!

ಹಾಲ್ ಆಫ್ ಫೇಮ್ ಇವರ ಕಡೆ ತಿರುಗಿ ನೋಡಲು ಒಬ್ಬರು ಬಾಯಿಬಿಡಬೇಕಾಯಿತು. 1966ರಲ್ಲಿ ತನಗೆ ಗೌರವ ಸಲ್ಲುವ ದಿನ, ಟೆಡ್ ವಿಲಿಯಮ್ಸ್ ತಮ್ಮ ಭಾಷಣದಲ್ಲಿ ಸ್ಯಾಚೆಲ್ ಪೇಜ್ ಮತ್ತು ಜಾಶ್ ಗಿಬ್ಸನ್ ಹೆಸರು ಹೇಳಿ, ಅವಕಾಶ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ಇಲ್ಲಿಲ್ಲ, ಒಂದು ದಿನ ಸೇರಲಿ ಎಂದರು. ಐದು ವರ್ಷದ ಮೇಲೆ ಪೇಜ್ ಅವರನ್ನು ಸೇರಿಸಿದರು. ಮೊದಲು ಮಾಡಿದ ಯೋಜನೆ ಏನು ಗೊತ್ತಾ? ನೀಗ್ರೊ ಲೀಗಿನವರಿಗೆ ಪ್ರತ್ಯೇಕ ವಿಭಾಗ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಹಾಗೆ. ಜನ ಛೀ ಅಂದ ಮೇಲೆ ಎಲ್ಲರ ಜೊತೆ ಒಂದೇ ಹಜಾರಕ್ಕೆ ತಂದರು.

ಈಗ ಬಕ್ ಓನೀಲ್ ಅವರ ವಿಷಯ. ಹುಟ್ಟಿದ್ದು 1911, ಫ್ಲೋರಿಡಾ. ಹುಡುಗನಾಗಿದ್ದಾಗ ಸೆಲರಿ ಸೊಪ್ಪಿನ ಹೊಲದಲ್ಲಿ ಕೆಲಸ. ಊರಿನ ಹೈಸ್ಕೂಲು ಕಪ್ಪು ಮಕ್ಕಳಿಗೆ ಇರಲಿಲ್ಲ. ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಆಡಿದರು, ಆಮೇಲೆ ಅದರ ಮ್ಯಾನೇಜರ್ ಆದರು. 1962ರಲ್ಲಿ ಮೇಜರ್ ಲೀಗಿನ ಮೊದಲ ಕಪ್ಪು ಕೋಚ್ ಆದರು. ಪ್ರತಿಭೆ ಹುಡುಕುವ ಸ್ಕೌಟ್ ಆಗಿ ಊರೂರು ಸುತ್ತಿ ಲೂ ಬ್ರಾಕ್ ಅಂಥವರನ್ನು ಹಿಡಿದು ತಂದರು. ಬ್ರಾಕ್ ಹಾಲ್ ಆಫ್ ಫೇಮ್ ಸೇರಿದರು, ಓನೀಲ್ ಹೊರಗೇ ಉಳಿದರು. ಕಾನ್ಸಾಸ್ ಸಿಟಿಯಲ್ಲಿ ನೀಗ್ರೊ ಲೀಗ್ ಮ್ಯೂಸಿಯಂ ಎದ್ದುನಿಲ್ಲಲು ಅವರು ಮುಖ್ಯ ಕಾರಣ. ಮರೆತುಹೋಗಿದ್ದ ಆಟಗಾರರ ಕಥೆಗಳನ್ನು ದೇಶಕ್ಕೆಲ್ಲ ಹೇಳಿಕೊಂಡು ತಿರುಗಿದ್ದೂ ಅವರೇ.

2006ರ ಫೆಬ್ರುವರಿಯಲ್ಲಿ ಹಾಲ್ ಒಂದು ವಿಶೇಷ ಸಮಿತಿ ಮಾಡಿ, ನೀಗ್ರೊ ಲೀಗ್ ಮತ್ತು ಅದಕ್ಕೂ ಹಿಂದಿನ ಕಾಲದ 39 ಹೆಸರು ಮುಂದಿಟ್ಟಿತು. ಅದರಲ್ಲಿ ಜೀವಂತ ಇದ್ದವರು ಇಬ್ಬರೇ: 94 ವರ್ಷದ ಓನೀಲ್ ಮತ್ತು ಕ್ಯೂಬಾದ ಮಿನ್ನಿ ಮಿನ್ಯೋಸೊ. ಸಮಿತಿ 17 ಜನರನ್ನು ಆರಿಸಿತು. ಅದರಲ್ಲಿ ಹಾಲ್‌ನ ಏಕೈಕ ಮಹಿಳೆ ಎಫಾ ಮ್ಯಾನ್ಲಿ ಕೂಡ ಇದ್ದಾರೆ. 17 ಮಂದಿಯೂ ತೀರಿಕೊಂಡವರು. ಬದುಕಿದ್ದ ಇಬ್ಬರನ್ನು ಬಿಟ್ಟರು.

ನಮ್ಮಲ್ಲಾಗಿದ್ದರೆ ಆ ಮನುಷ್ಯ ಮತ್ತೆ ಆ ಕಡೆ ತಲೆ ಹಾಕಿ ಮಲಗುತ್ತಿದ್ದರೋ ಇಲ್ಲವೋ. ಓನೀಲ್ ಜುಲೈನಲ್ಲಿ ಕೂಪರ್ಸ್‌ಟೌನ್‌ಗೆ ಬಂದರು. ಆ 17 ಜನರ ಪರವಾಗಿ ಮಾತಾಡಲು ಯಾರೂ ಉಳಿದಿರಲಿಲ್ಲವಲ್ಲ, ಅವರೇ ಮೈಕ್ ಮುಂದೆ ನಿಂತರು. ತಮಗೆ ಕ್ಯಾನ್ಸರ್ ಮೇಲೆ ದ್ವೇಷ ಇದೆ, ಅದು ಅಮ್ಮನನ್ನೂ ಹೆಂಡತಿಯನ್ನೂ ಒಯ್ದಿತು. ಆದರೆ ಮನುಷ್ಯರನ್ನು ದ್ವೇಷಿಸಲು ಬರಲ್ಲ ಎಂದರು. ಕೊನೆಗೆ ವೇದಿಕೆ ಮೇಲಿದ್ದ ದಿಗ್ಗಜರಿಂದ ಹಿಡಿದು ಹುಲ್ಲಿನ ಮೇಲೆ ಕೂತ ಜನರವರೆಗೆ ಎಲ್ಲರೂ ಕೈ ಕೈ ಹಿಡಿಯುವಂತೆ ಮಾಡಿ, ಪುಟ್ಟ ಹಾಡೊಂದನ್ನು ಹಾಡಿಸಿದರು. ಆ ವಿಡಿಯೊ ಇದೆ, ನೋಡಿ. ಮೆಟ್ರೊದಲ್ಲಿ ಮಾತ್ರ ನೋಡಬೇಡಿ, ಕಣ್ಣು ಒರೆಸಿಕೊಳ್ಳೋದಕ್ಕೆ ಕಷ್ಟ ಆಗುತ್ತೆ.

ಅದೇ ವರ್ಷ ಅಕ್ಟೋಬರ್ 6ರಂದು ಓನೀಲ್ ತೀರಿಕೊಂಡರು. ಡಿಸೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷರು ಮೆಡಲ್ ಆಫ್ ಫ್ರೀಡಂ ಕೊಟ್ಟರು, ಮರಣೋತ್ತರ. 2008ರಲ್ಲಿ ಹಾಲ್ ಅವರ ಹೆಸರಲ್ಲಿ ಒಂದು ಜೀವಮಾನ ಸಾಧನೆ ಪ್ರಶಸ್ತಿ ಶುರು ಮಾಡಿತು, ಪ್ರತಿಮೆಯನ್ನೂ ನಿಲ್ಲಿಸಿತು. ಆದರೂ ಫಲಕ ಇಲ್ಲ. ಪ್ರಶಸ್ತಿಗೆ ಹೆಸರು ಕೊಡಬಲ್ಲ ಮನುಷ್ಯ ಆ ಹಜಾರಕ್ಕೆ ಸಾಲದೇ ಹೋದದ್ದು ಹೇಗೆ ಅನ್ನೋದು ನನಗಿನ್ನೂ ಅರ್ಥವಾಗಿಲ್ಲ. 2015ರಲ್ಲಿ ಮಿನ್ಯೋಸೊ ಕೂಡ ಹೋದರು. 2021ರ ಡಿಸೆಂಬರ್‌ನಲ್ಲಿ ಒಂದೇ ದಿನ ಇಬ್ಬರೂ ಆಯ್ಕೆಯಾದರು. 15 ವರ್ಷದಲ್ಲಿ ಅವರ ಸಾಧನೆಗೆ ಒಂದು ಹಿಟ್ಟೂ ಸೇರಿರಲಿಲ್ಲ. ಬದಲಾದದ್ದು ಸಮಿತಿಯಲ್ಲಿ ಕೂತವರು ಮಾತ್ರ.

ಇವರಿಬ್ಬರದು ಅಪರೂಪದ ಪ್ರಸಂಗ ಅಂದುಕೊಳ್ಳಬೇಡಿ. ಡಿಕ್ ಆ್ಯಲನ್ ಫಿಲಡೆಲ್ಫಿಯಾದಲ್ಲಿ ಆಡುವಾಗ ತವರಿನ ಪ್ರೇಕ್ಷಕರೇ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು ಅಂತ ಫೀಲ್ಡಿಂಗ್ ಮಾಡುವಾಗಲೂ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದವರು. 2014ರಲ್ಲಿ ಸಮಿತಿಯ 16 ವೋಟಿನಲ್ಲಿ 11 ಬಂತು, ಒಂದು ಕಮ್ಮಿ. 2020ರಲ್ಲಿ ಸೇರಬೇಕಿದ್ದ ಸಮಿತಿ ಕೊರೊನಾದಿಂದ ಮುಂದಕ್ಕೆ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. 2021ರಲ್ಲಿ ಮತ್ತೆ 11, ಮತ್ತೆ ಒಂದು ಕಮ್ಮಿ. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಆಯ್ಕೆ.

ಕಟ್ಟುನಿಟ್ಟಾಗಿರುವುದರಿಂದಲೇ ಇದಕ್ಕೆ ಬೆಲೆ ಅನ್ನೋ ವಾದವನ್ನು ನಾನು ಒಪ್ತೀನಿ. ಕೇಳಿದವರಿಗೆಲ್ಲ ಕೊಟ್ಟರೆ ಶಾಲು-ಹಾರ-ಹಣ್ಣಿನ ಬುಟ್ಟಿ ಆಗಿಬಿಡುತ್ತದೆ. ನಡತೆ ನೋಡೋದನ್ನೂ ಒಪ್ತೀನಿ; ಪ್ರಾಮಾಣಿಕತೆ, ಕ್ರೀಡಾಮನೋಭಾವ, ಚಾರಿತ್ರ್ಯ ನೋಡಿ ವೋಟು ಹಾಕಿ ಅಂತ ನಿಯಮದಲ್ಲೇ ಇದೆ. 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್ ಉದ್ದೀಪನ ಮದ್ದಿನ ಆರೋಪದ ನೆರಳಲ್ಲಿ 2022ರ ಕೊನೇ ಅವಕಾಶದಲ್ಲೂ 66ಕ್ಕೆ ನಿಂತರು. ಇರಲಿ. ಆದರೆ ಬೇಡ ಅನ್ನೋದು ಬೇರೆ, ತಡ ಮಾಡೋದು ಬೇರೆ. ಇವತ್ತು ಅರ್ಹ ಅನ್ನಿಸಿಕೊಂಡವನು ಹತ್ತು ವರ್ಷದ ಹಿಂದೆಯೂ ಅರ್ಹನೇ ಆಗಿದ್ದ. 80 ದಾಟಿದವರ ಹೆಸರನ್ನು ಸಮಿತಿ ಪ್ರತಿ ವರ್ಷ ಮೊದಲು ಎತ್ತಿಕೊಂಡರೆ ಯಾವ ಮಾನದಂಡವೂ ಕೆಳಗೆ ಇಳಿಯಲ್ಲ. ಈಗ ಕಾಲಘಟ್ಟದ ಲೆಕ್ಕದಲ್ಲಿ ಸರದಿ ಬರುತ್ತದೆ, ವಯಸ್ಸು ಕಾಯಲ್ಲ.

ಪೀಟ್ ರೋಸ್ ಅವರದ್ದು ಇದರ ವಿಚಿತ್ರ ರೂಪ. 4256 ಹಿಟ್, ಇವತ್ತಿಗೂ ಮುರಿಯದ ದಾಖಲೆ. ಬೆಟ್ಟಿಂಗ್ ಕಟ್ಟಿ 1989ರಲ್ಲಿ ಆಜೀವ ನಿಷೇಧ. ಮ್ಯೂಸಿಯಂನಲ್ಲಿ ಅವರ ವಸ್ತುಗಳಿವೆ, ಫಲಕ ಇಲ್ಲ. ಎಷ್ಟೋ ಜುಲೈಗಳಲ್ಲಿ ಸಮಾರಂಭದ ಹೊತ್ತಿಗೆ ಅವರು ಅದೇ ಊರಿನ ಮುಖ್ಯ ಬೀದಿಯ ಅಂಗಡಿಯಲ್ಲಿ ಕೂತು ದುಡ್ಡಿಗೆ ಆಟೋಗ್ರಾಫ್ ಹಾಕುತ್ತಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 2025ರ ಮೇನಲ್ಲಿ, ಸತ್ತವರಿಗೆ ನಿಷೇಧ ಅನ್ವಯಿಸಲ್ಲ ಎಂದು ಲೀಗ್ ಹೇಳಿತು. ಇನ್ನು 2027ರ ಡಿಸೆಂಬರ್‌ನ ಸಮಿತಿ ಅವರ ಹೆಸರು ಪರಿಗಣಿಸಬಹುದು.

ನಮ್ಮ ಗೆಳೆಯರು ಕೊನೆಗೆ ಹುಡುಕಿಕೊಂಡು ಹೋದದ್ದು ಡೇವ್ ಪಾರ್ಕರ್ ಅವರ ಹೊಸ ಫಲಕವನ್ನು. 1979ರಲ್ಲಿ ಪಿಟ್ಸ್‌ಬರ್ಗ್ ಚಾಂಪಿಯನ್ ಆದಾಗ ತಂಡದ ಬೆನ್ನೆಲುಬು. 15 ವರ್ಷ ಪತ್ರಕರ್ತರ ಪಟ್ಟಿಯಲ್ಲಿದ್ದರೂ ಒಂದು ಸಲವೂ ಕಾಲು ಭಾಗ ವೋಟು ಬರಲಿಲ್ಲ. ಕೊಕೇನ್ ಪ್ರಕರಣದ ಕಳಂಕವೂ ಇತ್ತು. ಸಮಿತಿ ಆರಿಸಿದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಪಾರ್ಕಿನ್ಸನ್ ಕಾಯಿಲೆ ಬಲಿತಿತ್ತು. 2025ರ ಜೂನ್ 28ರಂದು ತೀರಿಕೊಂಡರು. ಸಮಾರಂಭ ಜುಲೈ 27ಕ್ಕೆ. ವೇದಿಕೆಯಲ್ಲಿ ಮಗ ನಿಂತು ಅಪ್ಪ ಬರೆದಿಟ್ಟಿದ್ದ ಪದ್ಯ ಓದಿದರು.

ಗೆಳೆಯರು ಫಲಕದ ಮುಂದೆ ನಿಂತು ಪಿಟ್ಸ್‌ಬರ್ಗ್‌ನಲ್ಲಿದ್ದ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದರು. ಎಂಬತ್ತು ದಾಟಿದವರು, ಕಣ್ಣು ಮಂಜು. ಫೋನನ್ನು ಎಷ್ಟು ಹತ್ತಿರ ಹಿಡಿದರೂ ಅವರಿಗೆ ಕಾಣಲಿಲ್ಲ.

"ಟೋಪಿ ಯಾವುದು ಹಾಕಿದಾರೆ?" ಅಂತ ಕೇಳಿದರು.

"ನಮ್ದೇ ಅಪ್ಪ," ಅಂದರು ಗೆಳೆಯರು. ಆಮೇಲೆ ಕೆಳಗಿನ ಸಾಲುಗಳನ್ನು ನಿಧಾನಕ್ಕೆ, ಒಂದೊಂದಾಗಿ ಓದಿ ಹೇಳಿದರು.